ಗಿಡಮೂಲಿಕೆ ತೋಟದಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ: ಮಲೆನಾಡಿನ ಬೆಳೆಗಾರರಿಗೆ ದೋಷ ನಿವಾರಣೆ ಕೈಪಿಡಿ

ತುಳಸಿ ಹಳದಿಯಾಯಿತು, ಒಂದೆಲಗ ಕೊಳೆಯಿತು, ಪುದೀನದ ಎಲೆ ತುಂಬಾ ಚುಕ್ಕೆ. ಇಂಥದ್ದು ಕಂಡ ತಕ್ಷಣ ಬಾಯಿಗೆ ಬರುವ ಮೊದಲ ಪ್ರಶ್ನೆ "ಇದಕ್ಕೆ ಏನು ಹೊಡೆಯಬೇಕು?" ಅಂತ. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಮ್ಮ ಕಡೆ ಸಾವಯವವಾಗಿ ಸೊಪ್ಪು, ಬೇರು, ಬಳ್ಳಿ ಬೆಳೆಯುವವರ ತೊಂದರೆ ಕಾಣುವುದು ಎಲೆಯಲ್ಲಿ, ಆದರೆ ಹುಟ್ಟುವುದು ಹೆಚ್ಚಾಗಿ ಬುಡದಲ್ಲಿ. ನೀರು ನಿಂತಿರುತ್ತದೆ, ಗಾಳಿ ಆಡುತ್ತಿರುವುದಿಲ್ಲ, ಗೊಬ್ಬರ ಸರಿಯಾಗಿ ಕಳಿತಿರುವುದಿಲ್ಲ. ಬಾಟಲಿ ತಂದು ಹೊಡೆದರೆ ಇದರಲ್ಲಿ ಯಾವುದೂ ಸರಿಯಾಗುವುದಿಲ್ಲ. ಅದೂ ಅಲ್ಲದೆ ನಾವು ಮಾರುವುದೇ ಎಲೆ. ಅಡಿಕೆಯಾದರೆ ಸಿಪ್ಪೆ ಸುಲಿಯುತ್ತೇವೆ, ಇಲ್ಲಿ ಎಲೆ ಮೇಲೆ ಬಿದ್ದದ್ದೆಲ್ಲ ನೇರವಾಗಿ ಯಾರದೋ ಕಷಾಯಕ್ಕೆ ಹೋಗುತ್ತದೆ.

ಹಾಗಾಗಿ ಇಲ್ಲಿ ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡಿ, ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ ಅಂತ ಬರೆದಿದ್ದೇನೆ.

ಎಲ್ಲಕ್ಕೂ ಮೊದಲು: ಒಂದು ಗಿಡ ಕಿತ್ತು ನೋಡಿ

ಬೇಕಾದದ್ದು ಗುದ್ದಲಿ, ಚೂರಿ, ಗಾಜಿನ ಲೋಟ, ಮುಚ್ಚಳವಿರುವ ಗಾಜಿನ ಬಾಟಲಿ. ಭೂತಗನ್ನಡಿ ಇದ್ದರೆ ಒಳ್ಳೆಯದು.

ಮೊದಲು ದೂರ ನಿಂತು ಇಡೀ ಮಡಿ ನೋಡಿ. ತಗ್ಗಿನ ಕಡೆಯ ಗಿಡಗಳು ಮಾತ್ರ ಹಾಳಾಗಿದ್ದರೆ ನೀರಿನ ಮೇಲೆ ಅನುಮಾನ ಪಡಿ. ಬೇಲಿ ಪಕ್ಕದ ಸಾಲು ಮಾತ್ರ ಕೆಟ್ಟಿದ್ದರೆ ಪಕ್ಕದ ಜಮೀನಿನಿಂದ ಏನೋ ಬಂದಿದೆ. ಅಲ್ಲೊಂದು ಗುಂಪು ಇಲ್ಲೊಂದು ಗುಂಪು ಸೊರಗಿ, ಆ ಗುಂಪು ದಿನದಿನಕ್ಕೆ ದೊಡ್ಡದಾಗುತ್ತಿದ್ದರೆ ರೋಗ ಅಥವಾ ಬೇರಿನ ಜಂತುಹುಳು. ಇಡೀ ಮಡಿ ಒಂದೇ ಸಮ ಪೇಲವವಾಗಿದ್ದರೆ ಮಣ್ಣು, ಗೊಬ್ಬರ ಅಥವಾ ನೆರಳು.

ಆಮೇಲೆ ಅರ್ಧ ಕಾಯಿಲೆ ಬಿದ್ದ ಗಿಡ ಒಂದು, ಚೆನ್ನಾಗಿರುವ ಗಿಡ ಒಂದು ಕಿತ್ತು ಬೇರು ತೊಳೆದು ಪಕ್ಕಪಕ್ಕ ಇಡಿ. ಪೂರ್ತಿ ಸತ್ತ ಗಿಡ ಬೇಡ, ಅದರಲ್ಲಿ ಆಮೇಲೆ ಸೇರಿಕೊಂಡ ಶಿಲೀಂಧ್ರಗಳೂ ಇರುತ್ತವೆ, ದಾರಿ ತಪ್ಪುತ್ತದೆ. ಬಿಳಿ ಬೇರು ಗಟ್ಟಿಯಾಗಿದ್ದರೆ ಬೇರು ಆರೋಗ್ಯವಾಗಿದೆ. ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿದರೆ ಬೇರು ಕೊಳೆಯುತ್ತಿದೆ.

ಕೊನೆಗೆ ಮನೆಯಲ್ಲಿ ಕೇಳಿ. ಮನೆಯವರೆಲ್ಲ ಸೇರಿ ಮಾಡುವ ತೋಟದಲ್ಲಿ ಇದು ತುಂಬಾ ಮುಖ್ಯ. ಅಪ್ಪಯ್ಯ ಬೆಳಿಗ್ಗೆ ನೀರು ಬಿಟ್ಟಿರುತ್ತಾರೆ, ಅದು ಗೊತ್ತಿಲ್ಲದೆ ಮಗ ಸಂಜೆ ಮತ್ತೆ ಬಿಟ್ಟಿರುತ್ತಾನೆ, ಅತ್ತಿಗೆ ಹೊಸ ಗೊಬ್ಬರದ ಗುಂಡಿ ತೆಗೆಸಿರುತ್ತಾರೆ. ಕೊಟ್ಟಿಗೆಯ ಗೋಡೆಗೆ ಒಂದು ನೋಟುಬುಕ್ಕು ನೇತುಹಾಕಿ, ಯಾವ ಮಡಿಗೆ ಯಾರು ಏನು ಹಾಕಿದರು ಅಂತ ಬರೆದಿಟ್ಟರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಸಾವಯವ ದೃಢೀಕರಣಕ್ಕೂ ಆ ಪುಸ್ತಕ ಬೇಕಾಗುತ್ತದೆ.

ಇನ್ನೊಂದು ಮಾತು. ಆಗುಂಬೆ ಕಡೆ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ, ಶಿಕಾರಿಪುರದ ಕಡೆ ಅದರ ಕಾಲುಭಾಗವೂ ಇಲ್ಲ. ಎರಡೂ ಶಿವಮೊಗ್ಗ ಜಿಲ್ಲೆಯೇ. ತೀರ್ಥಹಳ್ಳಿ, ಹೊಸನಗರದವರು ಮೊದಲು ಜಾಸ್ತಿ ನೀರಿನ ಮೇಲೆ ಅನುಮಾನ ಪಡಬೇಕು. ಶಿಕಾರಿಪುರ, ಭದ್ರಾವತಿ ಕಡೆಯವರು ಒಣಹವೆ, ನುಸಿ, ಕೊಳವೆಬಾವಿ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

"ಎಲೆ ಹಳದಿಯಾಗುತ್ತಿದೆ"

ಎಲ್ಲರೂ ಹೇಳುವ ಲಕ್ಷಣ ಇದು, ಎಲ್ಲರೂ ತಪ್ಪಾಗಿ ಓದುವುದೂ ಇದನ್ನೇ. ಹಳದಿ ಎಲ್ಲಿಂದ ಶುರುವಾಯಿತು ಅನ್ನುವುದೇ ಮುಖ್ಯ.

ಮೊದಲ ಪರೀಕ್ಷೆ ಮುಷ್ಟಿಯದು. ಆರು ಇಂಚು ಆಳದ ಮಣ್ಣು ತೆಗೆದು ಹಿಂಡಿ. ಬೆರಳ ಸಂದಿಯಿಂದ ನೀರು ಬಂದರೆ ಅಥವಾ ಮಣ್ಣು ಮೂಸಿದಾಗ ಕೆಸರಿನ ಕೊಳೆತ ವಾಸನೆ ಬಂದರೆ ಬೇರಿಗೆ ಉಸಿರಾಡಲು ಜಾಗವಿಲ್ಲ. ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಮಲೆನಾಡಿನ ಬಹುಪಾಲು ಹಳದಿಗೆ ಕಾರಣ ಇದೇ. ಈಗ ಗೊಬ್ಬರ ಹಾಕಬೇಡಿ, ಕೊಳೆತ ಬೇರು ಏನನ್ನೂ ಹೀರುವುದಿಲ್ಲ. ಬಸಿಗಾಲುವೆಯಲ್ಲಿ ತುಂಬಿದ ಮಣ್ಣು, ದರಗು (ಉದುರಿದ ಒಣ ಎಲೆ) ತೆಗೆಯಿರಿ. ಕಾಲುವೆ ತಳ ಮಡಿಯ ತಳಕ್ಕಿಂತ ಕೆಳಗಿರಬೇಕು, ಮೇಲಿದ್ದರೆ ಅದು ನೀರನ್ನು ಮಡಿಗೇ ವಾಪಸ್ ತರುತ್ತದೆ. ಮುಂದಿನ ಸಲ ನಾಟಿ ಮಾಡುವಾಗ ತುಳಸಿ, ನೆಲಬೇವು, ಅಶ್ವಗಂಧದಂಥ ಗಿಡಕ್ಕೆ ಒಂದು ಅಡಿ ಎತ್ತರದ ಏರುಮಡಿ ಬೇಕೇ ಬೇಕು. ಒಂದೆಲಗ, ನೀರುಬ್ರಾಹ್ಮಿ, ಬಜೆ ಇವು ಜೌಗು ತಾಳಿಕೊಳ್ಳುತ್ತವೆ. ತಗ್ಗಿನ ಜಾಗ ಇವಕ್ಕೆ ಬಿಡಿ.

ಮಣ್ಣು ಹದವಾಗಿದೆ, ಬೇರು ಬೆಳ್ಳಗಿದೆ, ಆದರೂ ಹಳದಿ ಅಂದರೆ ಎಲೆ ನೋಡಿ. ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯಾಗಿ ಮೇಲಿನದು ಪೇಲವವಾಗಿದ್ದರೆ ಸಾರಜನಕ ಸಾಲದು. ಹಸಿ ಮರದ ಹೊಟ್ಟು ಅಥವಾ ಕಳಿಯದ ಸೊಪ್ಪನ್ನು ಮಣ್ಣಿಗೆ ಸೇರಿಸಿದ್ದರೂ ಹೀಗಾಗುತ್ತದೆ, ಅದು ಕಳಿಯಲಿಕ್ಕೆ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಹಳೆ ಎಲೆಯ ನರ ಹಸಿರಾಗಿಯೇ ಇದ್ದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಜೋರು ಮಳೆಗೆ ತೊಳೆದುಹೋಗುವ ನಮ್ಮ ಹುಳಿ ಮಣ್ಣಿನಲ್ಲಿ ಇದು ಸಾಮಾನ್ಯ. ಹೊಸ ಚಿಗುರಿನಲ್ಲಿ ಈ ಥರ ಕಂಡರೆ ಕಬ್ಬಿಣದ ಕಡೆ ಯೋಚಿಸಿ.

ಗಿಡ ಉದ್ದಕ್ಕೆ ಸೊಣಕಲಾಗಿ ಎದ್ದು ಎಲೆ ಸಣ್ಣದಾಗಿ ಪೇಲವವಾಗಿದ್ದರೆ ಅದು ನೆರಳಿನ ತೊಂದರೆ. ದಟ್ಟ ಅಡಿಕೆ ತೋಟದ ನಡುವೆ ತುಳಸಿ ಹಾಕಿದವರಿಗೆ ಇದು ಖಂಡಿತ ಬರುತ್ತದೆ. ಅಲ್ಲಿ ಹಿಪ್ಪಲಿ ಆಗುತ್ತದೆ, ತುಳಸಿ ಆಗುವುದಿಲ್ಲ.

ಇಷ್ಟಕ್ಕೂ ಗೊತ್ತಾಗದಿದ್ದರೆ ಮಣ್ಣು ಪರೀಕ್ಷೆ. ಮಡಿಯ ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷಿನ 'ವಿ' ಆಕಾರದ ಗುಂಡಿ ತೆಗೆದು, ಬದಿಯಿಂದ ಆರು ಇಂಚು ಆಳದವರೆಗಿನ ಮಣ್ಣು ಕೆರೆದು ಬೆರೆಸಿ, ಅರ್ಧ ಕೆಜಿಯಷ್ಟು ನೆರಳಲ್ಲಿ ಒಣಗಿಸಿ ಕೊಡಿ. ಗೊಬ್ಬರದ ಗುಂಡಿ ಹತ್ತಿರದ ಮಣ್ಣು ಬೇಡ, ಗೊಬ್ಬರದ ಖಾಲಿ ಚೀಲದಲ್ಲಿ ತುಂಬಿಸಲೂ ಬೇಡಿ. ಹುಳಿ ಜಾಸ್ತಿ ಇದ್ದರೆ ಪರೀಕ್ಷೆ ಮಾಡಿದವರು ಹೇಳಿದಷ್ಟು ಸುಣ್ಣ ಅಥವಾ ಡೋಲೊಮೈಟ್ ಹಾಕಿ. ಡೋಲೊಮೈಟಿನಲ್ಲಿ ಮೆಗ್ನೀಸಿಯಂ ಕೂಡ ಸಿಗುತ್ತದೆ. ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರ ಒಟ್ಟಿಗೆ ಹಾಕಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡಿ. ಸುಣ್ಣ ಎರಚುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್ ಇರಲಿ. ಕಣ್ಣಿಗೆ ಬಿದ್ದರೆ ಉಜ್ಜದೆ ತುಂಬಾ ಹೊತ್ತು ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ.

"ಸಸಿಮಡಿಯಲ್ಲಿ ಸಸಿಗಳು ಬುಡ ಕರಗಿ ಬೀಳುತ್ತಿವೆ"

ರಾತ್ರಿ ನಿಂತಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ, ಬುಡ ದಾರದಷ್ಟು ತೆಳ್ಳಗಾಗಿರುತ್ತದೆ. ಬೀಜ ದಟ್ಟವಾಗಿ ಚೆಲ್ಲಿದ್ದು, ಸಂಜೆ ನೀರು ಹಾಕಿದ್ದು, ಪ್ಲಾಸ್ಟಿಕ್ ಹೊದಿಸಿ ಗಾಳಿ ಇಲ್ಲದ ಹಾಗೆ ಮಾಡಿದ್ದು ಇದಕ್ಕೆ ಕಾರಣ. ಬಿದ್ದ ಜಾಗದ ಸುತ್ತ ಒಂದು ಗೇಣು ಮಣ್ಣಿನ ಸಮೇತ ತೆಗೆದುಹಾಕಿ, ಉಳಿದದ್ದನ್ನು ತೆಳುವು ಮಾಡಿ, ನೀರು ಬೆಳಿಗ್ಗೆ ಮಾತ್ರ ಹಾಕಿ. ಮುಂದಿನ ಸಲಕ್ಕೆ ಟ್ರೈಕೋಡರ್ಮಾ ಒಂದು ಕೆಜಿಯನ್ನು ಚೆನ್ನಾಗಿ ಕಳಿತ 100 ಕೆಜಿ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ತೇವ ಆರದಂತೆ ಎರಡು ವಾರ ಇಟ್ಟು ಮಡಿಗೆ ಸೇರಿಸಿ. ಇದು ಜೀವಂತ ಶಿಲೀಂಧ್ರ. ಹಾಕಿದ ಜಾಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಬಿದ್ದರೆ ಅದರ ತಾಮ್ರಕ್ಕೆ ಸತ್ತುಹೋಗುತ್ತದೆ, ಹಾಕಿದ ದುಡ್ಡೂ ದಂಡ.

"ಮಣ್ಣಲ್ಲಿ ತೇವ ಇದೆ, ಆದರೂ ಗಿಡ ಬಾಡುತ್ತದೆ"

ಬಿಸಿಲಲ್ಲಿ ಬಾಡಿ ಸಂಜೆ ಎದ್ದು ನಿಲ್ಲುವ ಗಿಡದ ಬೇರು ಕಿತ್ತು ನೋಡಿ. ಮಣಿ ಪೋಣಿಸಿದ ಹಾಗೆ ಬೇರಿನಲ್ಲೇ ಗಂಟುಗಳಿದ್ದರೆ ಬೇರುಗಂಟು ಜಂತುಹುಳು. ತುಳಸಿ, ಪುದೀನ ಎರಡಕ್ಕೂ ಬರುತ್ತದೆ. ಈ ಬೆಳೆಯಲ್ಲಿ ಇದನ್ನು ಪೂರ್ತಿ ಹೋಗಿಸಲು ಆಗುವುದಿಲ್ಲ, ಕಡಿಮೆ ಮಾಡಬಹುದು ಅಷ್ಟೆ. ಬೇವಿನ ಹಿಂಡಿ ಕೊಡಿ, ಈ ಬೆಳೆ ಮುಗಿದ ಮೇಲೆ ಅದೇ ಜಾಗದಲ್ಲಿ ಚೆಂಡುಹೂ ಬೆಳೆಯಿರಿ. ಆ ಮಡಿಯಿಂದ ಸಸಿ, ತುಂಡುಬೇರು ಯಾರಿಗೂ ಕೊಡಬೇಡಿ. ಕೇಳುವವರು ನೆಂಟರಾದರೂ ಕೊಡಬೇಡಿ, ಅವರ ತೋಟಕ್ಕೂ ಹುಳು ಕೊಟ್ಟ ಹಾಗಾಗುತ್ತದೆ.

ಗಂಟಿಲ್ಲ, ಆದರೆ ಬೇರನ್ನೇ ಕಡಿದಿದೆ ಅಂದರೆ ಗೊಣ್ಣೆಹುಳು ಅಥವಾ ಗೆದ್ದಲು. ಅರೆಬರೆ ಕಳಿತ ಸಗಣಿ ಗೊಬ್ಬರದ ಜೊತೆಗೇ ಗೊಣ್ಣೆಹುಳು ಬರುತ್ತದೆ. ಹುಳ ಆರಿಸಿ, ಗೊಬ್ಬರ ಬದಲಿಸಿ.

ಶುಂಠಿ ಇದ್ದರೆ ಲೋಟದ ಪರೀಕ್ಷೆ ಮಾಡಲೇಬೇಕು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಕತ್ತರಿಸಿದ ತುದಿ ಮಾತ್ರ ತಿಳಿನೀರಿಗೆ ತಾಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿಯದೇನೋ ಇಳಿದರೆ ಅದು ದುಂಡಾಣು ಸೊರಗು ರೋಗ. ಇಲ್ಲಿಗೆ ನಿಲ್ಲಿಸಿ. ಇದಕ್ಕೆ ಯಾವ ಸಿಂಪಡಣೆಯೂ ಇಲ್ಲ, ಇದೆ ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ. ಗಿಡ ಕಿತ್ತು ಸುಡಿ, ಆ ಮಡಿಯ ನೀರು ಬೇರೆ ಮಡಿಗೆ ಹರಿಯದಂತೆ ತಿರುಗಿಸಿ, ಗುದ್ದಲಿ ಬೂಟು ತೊಳೆಯಿರಿ, ಅಲ್ಲಿ ಮತ್ತೆ ಸದ್ಯಕ್ಕೆ ಶುಂಠಿ ಬೇಡ. ಹಾಲಿನ ಎಳೆ ಬರಲಿಲ್ಲ, ಬುಡ ನೀರುನೀರಾಗಿ ಎಳೆದರೆ ಕಿತ್ತು ಬರುತ್ತದೆ ಅಂದರೆ ಗಡ್ಡೆಕೊಳೆ. ಅದಕ್ಕೂ ಮೂಲ ಕಾರಣ ನಿಂತ ನೀರೇ, ಬಸಿಗಾಲುವೆ ನೋಡಿ.

"ಎಲೆ ಮುರುಟಿದೆ, ಚುಕ್ಕೆ ಬಿದ್ದಿದೆ"

ಎಲೆ ತಿರುಗಿಸಿ ನೋಡಿ. ಅಡಿಭಾಗದಲ್ಲೇ ಉತ್ತರ ಇರುತ್ತದೆ.

ಹೇನು ಇದ್ದರೆ ಇರುವೆ ಓಡಾಡುತ್ತಿರುತ್ತದೆ, ಎಲೆ ಅಂಟಂಟಾಗಿರುತ್ತದೆ. ಮೊದಲು ಬರೀ ನೀರು ಜೋರಾಗಿ ಹಾಯಿಸಿ. ತುಂಬಾ ಸಲ ಅಷ್ಟೇ ಸಾಕು. ತುಳಸಿಯಲ್ಲಿ ಎಲೆ ಮೇಲೆ ಬಿಳಿ ಚುಕ್ಕಿ, ಅಡಿಯಲ್ಲಿ ಟಾರು ಸಿಡಿದಂಥ ಕಪ್ಪು ಚುಕ್ಕಿ ಇದ್ದು ಎಲೆ ಸುರುಳಿಯಾಗುತ್ತಿದ್ದರೆ ಜಾಲರಿ ರೆಕ್ಕೆಯ ಸಣ್ಣ ತಿಗಣೆ ರಸ ಹೀರುತ್ತಿದೆ. ಆ ತುದಿಗಳನ್ನು ಚಿವುಟಿ ತೆಗೆದು ಸುಡಿ. ಉಳಿದದ್ದಕ್ಕೆ ಲೀಟರ್ ನೀರಿಗೆ 3ರಿಂದ 5 ಮಿಲಿ ಬೇವಿನ ಎಣ್ಣೆಯನ್ನು ಅಂಟುವಾಳದ ನೊರೆನೀರಲ್ಲಿ ಕದಡಿ, ಸಂಜೆ ಹೊತ್ತು, ಎಲೆ ಅಡಿಗೆ ತಾಗುವಂತೆ ಹೊಡೆಯಿರಿ. ಕೊಯ್ಲು ಹತ್ತಿರವಿದ್ದರೆ ಹೊಡೆಯಬೇಡಿ. ಬೇವಿನ ವಾಸನೆ ಒಣ ಎಲೆಯಲ್ಲೂ ಉಳಿಯುತ್ತದೆ.

ತುಳಸಿ ಎಲೆಯ ನರಗಳ ನಡುವೆ ಹಳದಿಯಾಗಿ, ಬೆಳಿಗ್ಗೆ ಬೇಗ ನೋಡಿದರೆ ಅಡಿಯಲ್ಲಿ ಬೂದು ಬಣ್ಣದ ಧೂಳು ಕೂತಂತೆ ಇದ್ದರೆ ಬೂಜು ರೋಗ. ಕೈಯಲ್ಲಿ ಒರೆಸಿದರೆ ಆ ಧೂಳು ಬರುತ್ತದೆ. ಇದನ್ನು ಗೊಬ್ಬರದ ಕೊರತೆ ಅಂದುಕೊಂಡು ಕಾಯುತ್ತಾ ಕೂತರೆ ವಾರದಲ್ಲಿ ಮಡಿ ಪೂರ್ತಿ ಹೋಗುತ್ತದೆ. ಚೆನ್ನಾಗಿರುವ ಭಾಗವನ್ನು ಇವತ್ತೇ ಕೊಯ್ದುಬಿಡಿ, ಕಾಯಿಲೆಯದನ್ನು ಕಿತ್ತು ದೂರ ಹಾಕಿ. ಮುಂದಿನ ನಾಟಿಯಲ್ಲಿ ಸಾಲಿನ ಅಂತರ ಹೆಚ್ಚಿಸಿ. ಪುದೀನದ ಎಲೆ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಇದ್ದರೆ ತುಕ್ಕು ರೋಗ. ನೆಲಮಟ್ಟಕ್ಕೆ ಕೊಯ್ದು ಸುಡಿ, ಹೊಸ ಚಿಗುರು ಕಾಯಿರಿ.

ಅಡಿಯಲ್ಲಿ ಏನೂ ಇಲ್ಲ, ಆದರೆ ಎಲೆ ದೊನ್ನೆಯಂತೆ ಮುದುಡಿದೆ, ಚಿಗುರು ತಿರುಚಿದೆ, ಅದೂ ಬೇಲಿ ಪಕ್ಕದಲ್ಲೇ ಜಾಸ್ತಿ. ಪಕ್ಕದ ಮೆಕ್ಕೆಜೋಳಕ್ಕೋ ಗದ್ದೆಗೋ ಕಳೆನಾಶಕ ಹೊಡೆದಾಗ ಗಾಳಿಗೆ ಬಂದಿರಬಹುದು. ಆ ಸಾಲು ಕೊಯ್ಯಬೇಡಿ, ಮಾರಬೇಡಿ, ದನಕ್ಕೂ ಹಾಕಬೇಡಿ. ದಿನಾಂಕ ಕಾಣುವ ಫೋಟೊ ತೆಗೆದಿಡಿ. ಪಕ್ಕದವರ ಜೊತೆ ಜಗಳಕ್ಕಿಂತ ಮಾತು ಉಪಯೋಗಕ್ಕೆ ಬರುತ್ತದೆ: "ಹೊಡೆಯುವ ಹಿಂದಿನ ದಿನ ಒಂದು ಫೋನ್ ಮಾಡಿ ಮಾರಾಯ್ರೇ" ಅಂತ ಕೇಳಿ. ಬೇಲಿಗುಂಟ ದಾಸವಾಳ, ಗೊಬ್ಬರದ ಗಿಡ ದಟ್ಟವಾಗಿ ಬೆಳೆಸಿ.

"ರಾತ್ರಿ ಬೆಳಗಾಗುವುದರೊಳಗೆ ಎಲೆ ತೂತು"

ಬೆಳ್ಳಿಯಂಥ ಲೋಳೆ ಗೆರೆ ಇದ್ದರೆ ಬಸವನಹುಳು. ಒದ್ದೆ ಗೋಣಿಚೀಲ ಸಂಜೆ ಹಾಸಿಟ್ಟು ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಸೇರಿರುತ್ತವೆ, ಆರಿಸಿ ಉಪ್ಪುನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಅವುಗಳಲ್ಲಿ ಮನುಷ್ಯರಿಗೆ ಹತ್ತುವ ಜಂತು ಇರಬಹುದು. ಲೋಳೆ ತಾಗಿದ ಸೊಪ್ಪನ್ನು ಹಸಿಯಾಗಿ ತಿನ್ನಬೇಡಿ.

"ಒಣಗಿಸುವಾಗ ಎಲೆ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ"

ಹೊಲದಲ್ಲಿ ಚೆನ್ನಾಗಿ ಬೆಳೆದದ್ದು ಅಟ್ಟದಲ್ಲಿ ಹಾಳಾಗುವುದು ಮನಸ್ಸಿಗೆ ತುಂಬಾ ಬೇಜಾರಿನ ವಿಷಯ. ನನ್ನ ಅಭಿಪ್ರಾಯದಲ್ಲಿ ಮಲೆನಾಡಿನ ಗಿಡಮೂಲಿಕೆಯ ದೊಡ್ಡ ಸಮಸ್ಯೆ ರೋಗವಲ್ಲ, ಒಣಗಿಸುವುದು. ನಾಟಿಗೆ ಮೊದಲೇ ಒಣಗಿಸುವ ಜಾಗ ಎಷ್ಟಿದೆ ಅಂತ ಅಳೆದು, ಅಷ್ಟೇ ಬೆಳೆಯಿರಿ.

ಕಪ್ಪಾಗುವುದಕ್ಕೆ ಮೊದಲ ಕಾರಣ ಕೊಯ್ದು ರಾಶಿ ಹಾಕಿದ್ದು. ರಾಶಿಯೊಳಗೆ ಕೈ ಹಾಕಿದರೆ ಬೆಚ್ಚಗಿದ್ದರೆ ಎಲೆ ಆಗಲೇ ಬೇಯುತ್ತಿದೆ. ಇಬ್ಬನಿ ಆರಿದ ಮೇಲೆ ಕೊಯ್ಯಿರಿ, ಬುಟ್ಟಿಯಲ್ಲಿ ಒತ್ತಿ ತುಂಬಬೇಡಿ, ಬಂದ ಕೂಡಲೇ ಹರಡಿ. ಜಾಲರಿ ತಟ್ಟೆಯಲ್ಲಿ ಒಂದೇ ಪದರ ಇರಲಿ, ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ ಬೇಡ, ಅಡಿಯಿಂದ ಗಾಳಿ ಬರಬೇಕು. ನೇರ ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಆದರೆ ಬಣ್ಣ ಹೋಗುತ್ತದೆ, ವಾಸನೆಯೂ ಹೋಗುತ್ತದೆ.

ಡ್ರೈಯರ್ ಇದ್ದರೆ ವಾಸನೆಯ ಎಲೆಗಳಿಗೆ 35ರಿಂದ 40 ಡಿಗ್ರಿ ಸಾಕು. ಅಡಿಕೆ ಒಣಗಿಸುವ ಬಿಸಿಗೆ ತುಳಸಿ ಹಾಕಿದರೆ ಹುಲ್ಲು ಸಿಗುತ್ತದೆ. ಅಡಿಕೆಯ ತಟ್ಟೆ, ಅಡಿಕೆಯ ಅಂಗಳ ಬಳಸುವುದೂ ಬೇಡ. ಅಡಿಕೆ ಚೊಗರಿನ ಕಲೆ, ಹೊಗೆ ವಾಸನೆ ಎರಡನ್ನೂ ಎಲೆ ಹೀರಿಕೊಳ್ಳುತ್ತದೆ.

ಒಣಗಿತೋ ಇಲ್ಲವೋ ಅಂತ ಗೊತ್ತಾಗಲು ಎಲೆಯ ನಡುನರ ಮುರಿಯಿರಿ. ಪಟ್ಟನೆ ಮುರಿಯಬೇಕು, ಬಾಗಬಾರದು. ಆಮೇಲೆ ಬಾಟಲಿ ಪರೀಕ್ಷೆ: ಒಂದು ಹಿಡಿ ಎಲೆ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ, ರಾತ್ರಿ ಇಟ್ಟು ಬೆಳಿಗ್ಗೆ ನೋಡಿ. ಗಾಜಿನ ಒಳಗೆ ಮಂಜು ಹಿಡಿದಿದ್ದರೆ ಅಥವಾ ಎಲೆ ಮತ್ತೆ ಮೆತ್ತಗಾಗಿದ್ದರೆ ಚೀಲಕ್ಕೆ ತುಂಬಬೇಡಿ.

ಬೂಷ್ಟು ಹಿಡಿದದ್ದನ್ನು ಮತ್ತೆ ಒಣಗಿಸುವುದು, ಕೊಡವುವುದು, ಒಳ್ಳೆಯದರ ಜೊತೆ ಬೆರೆಸುವುದು ಯಾವುದೂ ಬೇಡ. ಕೆಲವು ಬೂಷ್ಟು ಬಿಡುವ ವಿಷ ಒಣಗಿಸಿದರೂ ಕುದಿಸಿದರೂ ಹೋಗುವುದಿಲ್ಲ. ಇದನ್ನು ಕಾಯಿಲೆಯವರು ಕುಡಿಯುತ್ತಾರೆ ಅನ್ನುವುದು ನೆನಪಿರಲಿ. ಮೂಗಿಗೆ ಮಾಸ್ಕ್ ಹಾಕಿಕೊಂಡು ಎತ್ತಿ ಹೂತುಬಿಡಿ.

ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಒಣಗಿಸುವವರು ಅಲ್ಲಿ ಮಲಗಬೇಡಿ, ಮಕ್ಕಳನ್ನು ಬಿಡಬೇಡಿ. ಅದರಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು ಬಂದರೆ ತಕ್ಷಣ ಹೊರಗೆ ಬನ್ನಿ. ಕರೆಂಟಿನ ಡ್ರೈಯರ್ ಮುಟ್ಟಿದಾಗ ಜುಮ್ ಅಂದರೆ ಒಣಗಿದ ಕೈಯಲ್ಲಿ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವವರೆಗೆ ಹಾಕಬೇಡಿ.

"ನೋಡಲು ಚೆನ್ನಾಗಿದೆ, ವಾಸನೆಯೇ ಇಲ್ಲ"

ತುಳಸಿಯನ್ನು ಹೂ ಬಿಡಲು ಶುರುವಾದಾಗ ಕೊಯ್ದರೆ ವಾಸನೆ ಚೆನ್ನಾಗಿರುತ್ತದೆ, ಬೀಜ ಕಟ್ಟಿದ ಮೇಲೆ ಕಡಿಮೆ. ದಿನಗಟ್ಟಲೆ ಸುರಿದ ಮಳೆಯ ನಡುವೆ ಕೊಯ್ದದ್ದೂ ಸಪ್ಪೆ. ಇದೆರಡೂ ಅಲ್ಲದಿದ್ದರೆ ಡ್ರೈಯರಿನ ಬಿಸಿ ಅಳೆಯಿರಿ, ಇಟ್ಟ ಚೀಲ ನೋಡಿ. ಎಲೆಯನ್ನು ಪುಡಿ ಮಾಡಿಟ್ಟರೆ ಬೇಗ ವಾಸನೆ ಹೋಗುತ್ತದೆ, ಇಡೀ ಎಲೆಯಾಗಿಯೇ ಇಡಿ. ಚೀಲದಲ್ಲಿ ಕಂದು ಬಣ್ಣದ ಪುಟ್ಟ ದುಂಬಿ, ಎಲೆಯಲ್ಲಿ ಸೂಜಿ ತೂತು ಕಂಡರೆ ಆ ಚೀಲ ತಕ್ಷಣ ಬೇರೆ ಮಾಡಿ, ಕೋಣೆಯ ಸಂದಿಗೊಂದಿ ಗುಡಿಸಿ. ಗೋಣಿಚೀಲವನ್ನು ಮರುಬಳಕೆ ಮಾಡಿದಲ್ಲಿ ಇದು ಜಾಸ್ತಿ.

"ಸಾವಯವ ಅಂತ ಕೊಟ್ಟದ್ದು ಪರೀಕ್ಷೆಯಲ್ಲಿ ಫೇಲಾಗಿ ವಾಪಸ್ ಬಂತು"

ನಾವು ಏನೂ ಹೊಡೆದೇ ಇಲ್ಲವಲ್ಲ ಅಂತ ಅನ್ನಿಸುವುದು ಸಹಜ. ಹೊಡೆಯದೆಯೂ ಬರುವ ದಾರಿಗಳಿವೆ, ಒಂದೊಂದಾಗಿ ನೋಡಿ. ಬಾಡಿಗೆಗೆ ತಂದ ಅಥವಾ ನೆರೆಮನೆಯ ಸಿಂಪಡಿಸುವ ಯಂತ್ರ. ರಸಗೊಬ್ಬರದ ಹಳೆ ಚೀಲದಲ್ಲಿ ತುಂಬಿದ ಸೊಪ್ಪು. ಮೇಲಿನ ಜಮೀನಿನಿಂದ ಮಳೆನೀರಿನ ಜೊತೆ ಇಳಿದು ಬಂದದ್ದು. ತಾಮ್ರ ಜಾಸ್ತಿ ಅಂತ ಬಂದಿದ್ದರೆ ತಲೆ ಎತ್ತಿ ಮೇಲೆ ನೋಡಿ: ಕೊಳೆರೋಗಕ್ಕೆ ಅಡಿಕೆಗೆ ಹೊಡೆದ ಬೋರ್ಡೋ ಕೆಳಗಿನ ಹಿಪ್ಪಲಿ, ಒಂದೆಲಗದ ಮೇಲೆ ತೊಟ್ಟಿಕ್ಕಿರುತ್ತದೆ. ಗಿಡಮೂಲಿಕೆ ಇರುವ ಜಾಗದ ಮರಗಳಿಗೆ ಔಷಧಿ ಹೊಡೆಯುವ ಬದಲು ಗೊನೆಗೆ ಕೊಟ್ಟೆ (ಮಳೆ ತಾಗದಂತೆ ಹಾಕುವ ಹೊದಿಕೆ) ಕಟ್ಟಿಸುವುದು ಒಳ್ಳೆಯದು. ಖರ್ಚು ಬೀಳುತ್ತದೆ, ಆದರೆ ಕೆಳಗಿನ ಬೆಳೆ ಉಳಿಯುತ್ತದೆ.

ರೋಗಾಣು ಇದೆ ಅಂತ ವಾಪಸ್ ಬಂದಿದ್ದರೆ ನೀರು ಮತ್ತು ಸಗಣಿ ನೋಡಿ. ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸಿದ ನೀರುಗೊಬ್ಬರ) ಬುಡಕ್ಕೆ ಕೊಡಬೇಕು, ಕೊಯ್ಯುವ ಎಲೆಗೆ ಸಿಂಪಡಿಸಬಾರದು. ಒಂದೆಲಗಕ್ಕೆ ಬಚ್ಚಲು ನೀರು, ರಸ್ತೆ ಚರಂಡಿ ನೀರು ಬಿಡಲೇಬಾರದು.

ಜಮೀನು ಹೊಸದಾಗಿ ಸಾವಯವಕ್ಕೆ ತಿರುಗಿದ್ದರೆ ಕಾಯುವ ಅವಧಿಯನ್ನೂ ನೋಡಿ. ರಫ್ತಿಗೆ ಬಳಸುವ ರಾಷ್ಟ್ರೀಯ ಸಾವಯವ ನಿಯಮದಲ್ಲಿ ಅದು ವಾರ್ಷಿಕ ಬೆಳೆಗೆ ಸಾಮಾನ್ಯವಾಗಿ 2 ವರ್ಷ, ಬಹುವಾರ್ಷಿಕ ಬೆಳೆಗೆ 3 ವರ್ಷ. ಅದು ಮುಗಿಯುವ ಮೊದಲು ಸಾವಯವ ಅಂತ ಚೀಟಿ ಹಚ್ಚಬೇಡಿ.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ಕಾಯಿಲೆಗೆ ದಿನಕ್ಕೊಂದು ಸಾಲು ಹೋಗುತ್ತಿದ್ದರೆ, ಲೋಟದ ಪರೀಕ್ಷೆಯಲ್ಲಿ ಹಾಲಿನ ಎಳೆ ಕಂಡರೆ, ಎರಡು ಬದಲಾವಣೆ ಮಾಡಿಯೂ ಗಿಡ ಚೇತರಿಸಿಕೊಳ್ಳದಿದ್ದರೆ ಮೂರನೆಯದು ಹುಡುಕುತ್ತಾ ಕೂರಬೇಡಿ. ಶಿವಮೊಗ್ಗದ ನವಿಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, ತಾಲ್ಲೂಕಿನಲ್ಲಿ ತೋಟಗಾರಿಕೆ ಇಲಾಖೆ ಇದೆ.

ಮೈಯ ವಿಷಯದಲ್ಲಿ ಮಾತ್ರ ಕಾಯಲೇಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ನಮ್ಮ ನಡುವೆ ಇದೆ, ಅದನ್ನು ಹರಡುವುದು ಉಣುಗು (ಉಣ್ಣೆ). ಮಡಿಗೆ ಮುಚ್ಚಿಗೆ ಹಾಕಲು ಸೊಪ್ಪಿನ ಬೆಟ್ಟದಿಂದ (ಸೊಪ್ಪು ತರಲು ಬಿಟ್ಟ ಕಾಡಿನಿಂದ) ದರಗು ತರುವುದು ಬೇಸಿಗೆಯಲ್ಲೇ, ಕಾಯಿಲೆಯ ಕಾಲವೂ ಅದೇ. ಮೈತುಂಬಾ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬೇರೆ ಇಟ್ಟು ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ನೋಡೋಣ ಅನ್ನಬೇಡಿ, ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ಕೆಸರಲ್ಲಿ ಕೆಲಸ ಮಾಡಿದ ಮೇಲೆ ಬರುವ ಜ್ವರ ಇಲಿ ಜ್ವರವೂ ಇರಬಹುದು, ಕಾಲಲ್ಲಿ ಗಾಯ ಇದ್ದಾಗ ಗಮ್ ಬೂಟಿಲ್ಲದೆ ಮಡಿಗೆ ಇಳಿಯಬೇಡಿ.

ಗಿಡವನ್ನು ತೋರಿಸಲು ಒಯ್ಯುವಾಗ ಒಂದು ಎಲೆ ಕಿತ್ತು ಜೇಬಲ್ಲಿ ಹಾಕಿಕೊಂಡು ಹೋದರೆ ಯಾರಿಗೂ ಏನೂ ಹೇಳಲು ಆಗುವುದಿಲ್ಲ. ಅರ್ಧ ಕಾಯಿಲೆಯ ಗಿಡವನ್ನು ಬೇರು, ಮಣ್ಣಿನ ಸಮೇತ ಅಗೆದು, ಬುಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಎಲೆ ಭಾಗವನ್ನು ಕಾಗದದಲ್ಲಿ ಸುತ್ತಿ, ಅದೇ ದಿನ ತಲುಪಿಸಿ. ಜೊತೆಗೆ ಚೆನ್ನಾಗಿರುವ ಒಂದು ಗಿಡ, ಇಡೀ ಮಡಿ ಕಾಣುವ ಫೋಟೊ, ಮತ್ತೆ ಆ ನೋಟುಬುಕ್ಕು.